ಕ್ಯಾಮರಾದ ಸಂಪರ್ಕ ಪದೇ ಪದೇ ತಪ್ಪುವುದೇಕೆ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ದುಡಿಯುವ ನಮ್ಮವರ ಪೈಕಿ ಮನೆಗೊಂದು ಕಾವಲು ಕ್ಯಾಮರಾ ಹಾಕಿಸಿಕೊಂಡವರು ಈಗ ವಿರಳರಲ್ಲ. ಗಂಡನಿಗೆ ಒಂದು ಪಾಳಿ, ಹೆಂಡತಿಗೆ ಹಗಲಿನ ಆಫೀಸು. ಮಕ್ಕಳು ಶಾಲೆಯಿಂದ ಬಂದು ಬೀಗ ತೆಗೆಯುವ ಹೊತ್ತಿಗೆ ಒಬ್ಬರು ಕಾರಖಾನೆಯಲ್ಲಿ, ಇನ್ನೊಬ್ಬರು ಲೋಕಲ್ ಗಾಡಿಯಲ್ಲಿ. ಮತ್ತೆ ಕೆಲವರು ಊರಿನ ಮನೆಯಲ್ಲಿ ಉಳಿದ ತಾಯಿತಂದೆಗಳ ಯೋಗಕ್ಷೇಮ ತಿಳಿಯಲೆಂದು ಕುಂದಾಪುರದಲ್ಲೋ ವಿಜಯಪುರದಲ್ಲೋ ಜಗಲಿಗೆ ಎದುರಾಗಿ ಕ್ಯಾಮರಾ ಇಟ್ಟು, ಇಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಾರೆ. ದೂರದಲ್ಲಿ ಇರುವವನಿಗೆ ಇದೊಂದು ಸಮಾಧಾನವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಉಪಕರಣ ಪೂರ್ತಿಯಾಗಿ ಕೆಡುವುದಕ್ಕಿಂತ ಆಗಾಗ ಸಂಪರ್ಕ ಕಳೆದುಕೊಳ್ಳುವುದೇ ಹೆಚ್ಚು. ಚಿತ್ರವಿರಬೇಕಾದ ಜಾಗದಲ್ಲಿ ‘ಆಫ್‌ಲೈನ್’ ಎಂಬ ಅಕ್ಷರಗಳು ಬರುತ್ತವೆ. ರಾತ್ರಿ ಎರಡು ಗಂಟೆಗೆ ಪಾಳಿಯ ನಡುವೆ ಅದನ್ನು ಕಂಡವನ ಮನಸ್ಸು ಕಳ್ಳಕಾಕರ ಕಡೆಗೇ ಓಡುವುದು ಸಹಜ. ಫೋನು ಮಾಡಿ ಮಲಗಿದ ತಾಯಿಯನ್ನು ಎಬ್ಬಿಸುತ್ತಾನೆ, ನೆರೆಯವರನ್ನು ಓಡಿಸುತ್ತಾನೆ, ನೋಡಿದರೆ ಏನೂ ಆಗಿರುವುದಿಲ್ಲ. ನಾಲ್ಕು ಸಲ ಹೀಗಾದ ಮೇಲೆ ಐದನೆಯ ಸಲ ನಿಜವಾಗಿ ಏನಾದರೂ ಸಂಭವಿಸಿದರೂ “ಮತ್ತೆ ನೆಟ್ ಹೋಗಿರಬೇಕು” ಎಂದು ಸುಮ್ಮನಿರುವ ಅಭ್ಯಾಸ ಬೆಳೆಯುತ್ತದೆ. ಸಂಪರ್ಕ ತಪ್ಪುವ ಕ್ಯಾಮರಾದ ನಿಜವಾದ ಅಪಾಯ ಇದೇ. ನಂಬಲಾಗದ ಕಾವಲುಗಾರನಿಗಿಂತ ಕಾವಲುಗಾರನಿಲ್ಲದಿರುವುದೇ ಲೇಸು. ಇಲ್ಲವೆಂದು ತಿಳಿದಾಗ ನಾವು ಬೀಗವನ್ನಾದರೂ ಎರಡು ಸಲ ಎಳೆದು ನೋಡುತ್ತೇವೆ.

ಇನ್ನೊಂದು ನಷ್ಟ ಹಣದ್ದು. ಸಂಪರ್ಕ ತಪ್ಪಿದ ಕೂಡಲೇ ಕ್ಯಾಮರಾ ಕೆಟ್ಟಿತೆಂದು ತಿಳಿದು ಹೊಸದನ್ನು ಕೊಳ್ಳುವವರಿದ್ದಾರೆ. ಹೊಸದನ್ನೂ ಅದೇ ಗೋಡೆಗೆ, ಅದೇ ತಂತಿಗೆ, ಅದೇ ನೆಟ್ಟಿಗೆ ಜೋಡಿಸಿದರೆ ವಾರದೊಳಗೆ ಅದೂ ಅದೇ ಹಾಡು ಹಾಡುತ್ತದೆ. ಲೆಕ್ಕ ತಾಳೆಯಾಗದಿದ್ದರೆ ನಾವು ಗುಮಾಸ್ತರು ಖಾತೆಪುಸ್ತಕವನ್ನು ಎಸೆದು ಹೊಸದನ್ನು ತರುವುದಿಲ್ಲ. ಯಾವ ಪುಟದಲ್ಲಿ ತಪ್ಪಿತೆಂದು ಹುಡುಕುತ್ತೇವೆ. ಕ್ಯಾಮರಾದ ವಿಷಯದಲ್ಲಿಯೂ ಮಾಡತಕ್ಕದ್ದು ಇಷ್ಟೇ: ಹಣ ತೆಗೆಯುವ ಮೊದಲು ದೋಷವಿರುವ ಪುಟವನ್ನು ಹುಡುಕಬೇಕು.

ಮೂರು ಕೊಂಡಿಗಳು

ಕ್ಯಾಮರಾದ ಚಿತ್ರ ನಮ್ಮ ಮೊಬೈಲಿಗೆ ಬರಬೇಕಾದರೆ ಮೂರು ಕೊಂಡಿಗಳು ಕೂಡಿರಬೇಕು. ಮೊದಲನೆಯದು ವಿದ್ಯುತ್ತು: ಗೋಡೆಯ ಪ್ಲಗ್ಗಿನಿಂದ ಅಡಾಪ್ಟರು, ಅಡಾಪ್ಟರಿನಿಂದ ತಂತಿ, ತಂತಿಯಿಂದ ಕ್ಯಾಮರಾ. ಎರಡನೆಯದು ಮನೆಯೊಳಗಿನ ಸಂಪರ್ಕ: ಕ್ಯಾಮರಾದಿಂದ ರೂಟರಿನ ತನಕ ಗಾಳಿಯಲ್ಲಿ ಹೋಗುವ ವೈ-ಫೈ ಅಲೆ. ಮೂರನೆಯದು ಹೊರಗಿನ ಸಂಪರ್ಕ: ರೂಟರಿನಿಂದ ನೆಟ್ ಕಂಪೆನಿಯ ತಂತಿಯ ಮೂಲಕ ಹೊರಗೆ ಹೋಗಿ, ಕ್ಯಾಮರಾ ಕಂಪೆನಿಯ ಯಂತ್ರಗಳನ್ನು ಹಾದು, ನಮ್ಮ ಮೊಬೈಲಿನ ತನಕ. ಮೂರರಲ್ಲಿ ಯಾವುದು ಕಳಚಿದರೂ ಮೊಬೈಲು ಹೇಳುವುದು ‘ಆಫ್‌ಲೈನ್’ ಎಂಬ ಒಂದೇ ಮಾತು. ಆದುದರಿಂದ ಆ ಮಾತಿನಿಂದ ಕಾರಣ ತಿಳಿಯುವುದಿಲ್ಲ, ನಾವೇ ಪರೀಕ್ಷಿಸಬೇಕು.

ಪರೀಕ್ಷೆಗೆ ಬೇಕಾದದ್ದು ಕೈಯಲ್ಲಿರುವ ಮೊಬೈಲು ಮಾತ್ರ. ಸಂಪರ್ಕ ತಪ್ಪಿರುವಾಗ ಮೊಬೈಲಿನ ಸಿಮ್ ಡೇಟಾವನ್ನು ಆರಿಸಿ, ಮನೆಯ ವೈ-ಫೈಗೆ ಜೋಡಿಸಿಕೊಂಡು ಕ್ಯಾಮರಾದ ಪಕ್ಕದಲ್ಲೇ ನಿಲ್ಲಿರಿ. ಕ್ಯಾಮರಾದ ಚಿಕ್ಕ ದೀಪ ಆರಿದ್ದರೆ ಮೊದಲನೆಯ ಕೊಂಡಿಯನ್ನು ಸಂಶಯಿಸಬೇಕು. (ಕೆಲವು ಕ್ಯಾಮರಾಗಳಲ್ಲಿ ದೀಪವನ್ನು ಆ್ಯಪ್‌ನಿಂದಲೇ ಆರಿಸಿಡಬಹುದು, ಅದನ್ನು ಮೊದಲೇ ನೋಡಿಕೊಂಡಿರಬೇಕು.) ದೀಪವಿದ್ದು, ಅಲ್ಲಿ ಮೊಬೈಲಿಗೆ ನೆಟ್ ಸಿಗದೆ ರೂಟರಿನ ಹತ್ತಿರ ಹೋದಾಗ ಸಿಕ್ಕಿದರೆ ದೋಷ ಎರಡನೆಯದರಲ್ಲಿ. ರೂಟರಿನ ಹತ್ತಿರವೂ ಏನೂ ತೆರೆಯದಿದ್ದರೆ ಮೂರನೆಯದರಲ್ಲಿ. ಫೈಬರಿನ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ಗುರುತಿನ ಕೆಂಪು ದೀಪ ಹತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದು ಅರ್ಥ, ನೆಟ್ಟಿನವರಿಗೆ ತಿಳಿಸುವುದೊಂದೇ ದಾರಿ. ಕ್ಯಾಮರಾದ ಪಕ್ಕದಲ್ಲಿ ಮೊಬೈಲಿಗೆ ನೆಟ್ ಚೆನ್ನಾಗಿ ಸಿಕ್ಕಿಯೂ ಕ್ಯಾಮರಾ ಮಾತ್ರ ಸತ್ತಂತಿದ್ದರೆ, ಆಗ ಅದರ ಅಡಾಪ್ಟರನ್ನೂ ಅದರ ಏರ್ಪಾಡನ್ನೂ ನೋಡಬೇಕು.

ವೇಳೆ ಬರೆದಿಡಿ

ಸಂಪರ್ಕ ತಪ್ಪಿ ತಾನಾಗಿ ಮರಳುವ ಕ್ಯಾಮರಾವನ್ನು ಹೀಗೆ ಪರೀಕ್ಷಿಸುವುದು ಕಷ್ಟ. ನಾವು ಮನೆ ಮುಟ್ಟುವಷ್ಟರಲ್ಲಿ ಅದು ಸರಿಯಾಗಿರುತ್ತದೆ. ಅದಕ್ಕೆ ಮದ್ದು ಒಂದು ಚೀಟಿ. ಏಳು ದಿನ, ಸಂಪರ್ಕ ತಪ್ಪಿದ ಗಂಟೆ, ಮರಳಿದ ಗಂಟೆ, ಆಗ ಮಳೆಯಿತ್ತೇ, ಕರೆಂಟು ಹೋಗಿತ್ತೇ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡಿ. ಅನೇಕ ಆ್ಯಪ್‌ಗಳು ಸಂಪರ್ಕ ತಪ್ಪಿದ ವೇಳೆಯನ್ನು ತಾವೇ ದಾಖಲಿಸುತ್ತವೆ. ವಾರದ ಕೊನೆಗೆ ಆ ಚೀಟಿಯನ್ನು ಒಟ್ಟಾಗಿ ಓದಿದರೆ ದೋಷ ತನ್ನ ಹೆಸರನ್ನು ತಾನೇ ಹೇಳುವುದುಂಟು. ಕತ್ತಲಾದ ಮೇಲೆ ಮಾತ್ರ ತಪ್ಪಿದರೆ ಒಂದು ಕಾರಣ; ಸಂಜೆ ಎಂಟರಿಂದ ಹನ್ನೊಂದರ ತನಕ ತಪ್ಪಿದರೆ ಇನ್ನೊಂದು; ಕರೆಂಟು ಹೋಗಿ ಬಂದ ಮೇಲೆ, ಮಳೆಯಲ್ಲಿ, ಪ್ರತಿದಿನ ಒಂದೇ ಗಂಟೆಗೆ: ಇವಕ್ಕೆಲ್ಲ ಬೇರೆ ಬೇರೆ ಕಾರಣಗಳು. ಒಂದೊಂದಾಗಿ ನೋಡೋಣ.

ಕತ್ತಲಾದ ಮೇಲೆ ತಪ್ಪಿದರೆ

ಕತ್ತಲಲ್ಲಿ ನೋಡಬಲ್ಲ ಕ್ಯಾಮರಾಗಳಲ್ಲಿ ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕು ಬೀರುವ ಸಣ್ಣ ದೀಪಗಳಿರುತ್ತವೆ. ರಾತ್ರಿ ಅವು ಹತ್ತಿದಾಗ ಕ್ಯಾಮರಾ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಅಡಾಪ್ಟರು ದುರ್ಬಲವಾಗಿದ್ದರೆ ಅಥವಾ ತಂತಿ ತೆಳ್ಳಗೆ, ಉದ್ದವಾಗಿದ್ದರೆ ಆ ಎಳೆತಕ್ಕೆ ವೋಲ್ಟೇಜು ಕುಸಿಯುತ್ತದೆ. ಕ್ಯಾಮರಾ ಆರಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಹಗಲಿನಲ್ಲಿ ಅದೇ ಕ್ಯಾಮರಾ ನಿರ್ದೋಷಿಯಂತೆ ನಡೆಯುತ್ತದೆ. ನೋಡುವವನಿಗೆ ಇದು ನೆಟ್ಟಿನ ದೋಷವೆಂದೇ ತೋರುವುದು. ನಿಜವಾಗಿ ಇದು ಕರೆಂಟಿನ ದೋಷ.

ಕ್ಯಾಮರಾದ ಮೈಮೇಲೂ ಅಡಾಪ್ಟರಿನ ಮೇಲೂ ಅಚ್ಚಾಗಿರುವ ಅಂಕಿಗಳನ್ನು ಹೋಲಿಸಿ ನೋಡಿ. ಕ್ಯಾಮರಾ ೫ ವೋಲ್ಟ್ ೨ ಆಂಪಿಯರ್ ಕೇಳುತ್ತಿದ್ದು, ಹಳೆಯ ಮೊಬೈಲಿನ ೧ ಆಂಪಿಯರ್ ಅಡಾಪ್ಟರನ್ನು ಜೋಡಿಸಿದ್ದರೆ ಕಾರಣ ಸಿಕ್ಕಿದಂತೆಯೇ. ವೋಲ್ಟು ಸರಿಸಮ ಇರಬೇಕು; ಆಂಪಿಯರು ಕೇಳಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬಹುದು, ಕಡಿಮೆ ಇರಕೂಡದು. ೧೨ ವೋಲ್ಟಿನ ಅಡಾಪ್ಟರನ್ನು ೫ ವೋಲ್ಟಿನ ಕ್ಯಾಮರಾಕ್ಕೆ ಚುಚ್ಚಿದರೆ ಕ್ಯಾಮರಾ ಸುಟ್ಟೇ ಹೋದೀತು. ಪರೀಕ್ಷೆಗಾಗಿ ಒಂದು ರಾತ್ರಿ ಕ್ಯಾಮರಾವನ್ನು ಪ್ಲಗ್ಗಿನ ಹತ್ತಿರ ತಂದು, ಅದರ ಜತೆ ಬಂದ ಗಿಡ್ಡ ತಂತಿಯಲ್ಲೇ ನಡೆಸಿ ನೋಡಿ. ಆಗ ಸಂಪರ್ಕ ತಪ್ಪದಿದ್ದರೆ ಉದ್ದ ತಂತಿಯೇ ಅಪರಾಧಿ. ಗುಣಮಟ್ಟದ ತಂತಿಯೊಂದು ಹೊಸ ಕ್ಯಾಮರಾಕ್ಕಿಂತ ಎಷ್ಟೋ ಅಗ್ಗ.

ಸಂಜೆಯ ನೂಕುನುಗ್ಗಲು

ಚಾಳಿನಲ್ಲೋ ಏಳು ಮಹಡಿಯ ಸೊಸೈಟಿಯಲ್ಲೋ ಮನೆಗೊಂದು ರೂಟರು. ಸಂಜೆ ಎಲ್ಲರೂ ಕೆಲಸದಿಂದ ಬಂದು ಟಿವಿ, ಮೊಬೈಲು ಹಚ್ಚುತ್ತಾರೆ. ಅಗ್ಗದ ಕ್ಯಾಮರಾಗಳಲ್ಲಿ ಬಹುಪಾಲು ೨.೪ ಗಿಗಾಹರ್ಟ್ಸ್ ಎಂಬ ಅಲೆಯಲ್ಲೇ ಕೆಲಸ ಮಾಡುತ್ತವೆ. ಈ ಅಲೆಯಲ್ಲಿ ನಮ್ಮ ದೇಶದಲ್ಲಿ ೧೩ ದಾರಿಗಳಿದ್ದರೂ ಅವು ಒಂದರ ಮೈಮೇಲೊಂದು ಹಾಯುತ್ತವೆ. ಪರಸ್ಪರ ತಾಗದೆ ನಡೆಯಬಲ್ಲವು ೧, ೬ ಮತ್ತು ೧೧ ಎಂಬ ಮೂರೇ ಎಂದು ಲೆಕ್ಕ. ಮೂವತ್ತು ಮನೆಗಳ ರೂಟರುಗಳು ಮೂರು ದಾರಿಗಳಲ್ಲಿ ನುಗ್ಗುವುದೆಂದರೆ ಸಂಜೆ ಆರೂವರೆಯ ಕಲ್ಯಾಣ ಲೋಕಲ್ಲಿನ ಬಾಗಿಲಿನಂತೆಯೇ. ಬಲವಿದ್ದವನು ಒಳಗೆ, ಮೂಲೆಯಲ್ಲಿರುವ ಚಿಕ್ಕ ಕ್ಯಾಮರಾ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತದೆ.

ಇದಕ್ಕೆ ಉಪಾಯವುಂಟು. ಸುತ್ತಲಿನ ರೂಟರುಗಳು ಯಾವ ದಾರಿಯಲ್ಲಿವೆಯೆಂದು ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿಗೆ ಸಿಗುತ್ತವೆ. ಮೂರರಲ್ಲಿ ಕಡಿಮೆ ಗದ್ದಲದ ದಾರಿಯನ್ನು ಆರಿಸಿ ರೂಟರಿನಲ್ಲಿ ಅದನ್ನೇ ಸ್ಥಿರಪಡಿಸಬೇಕು. ದಾರಿಯ ಅಗಲವನ್ನು ೪೦ರ ಬದಲು ೨೦ಕ್ಕೆ ಇಡಬೇಕು. ಟಿವಿ ಮತ್ತು ಹೊಸ ಮೊಬೈಲುಗಳನ್ನು ೫ ಗಿಗಾಹರ್ಟ್ಸ್ ಅಲೆಗೆ ಸರಿಸಿದರೆ ಕ್ಯಾಮರಾಕ್ಕೆ ಜಾಗ ಬಿಟ್ಟಂತಾಗುತ್ತದೆ. ಇದು ತಿಳಿಯದಿದ್ದವರು ನೆಟ್ಟಿನವರ ಹುಡುಗ ಬಂದಾಗ ಕೇಳಿ ಮಾಡಿಸಿಕೊಳ್ಳಬಹುದು. ಐದು ನಿಮಿಷದ ಕೆಲಸ.

ಸಂಜೆಯ ತೊಂದರೆಗೆ ಇನ್ನೊಂದು ಕಾರಣ ಮೇಲಕ್ಕೆ ಕಳುಹಿಸುವ ವೇಗ. ಸಾಮಾನ್ಯವಾದ ಸ್ಪಷ್ಟ ಚಿತ್ರ ಕಳುಹಿಸಲು ಒಂದು ಕ್ಯಾಮರಾಕ್ಕೆ ಸೆಕೆಂಡಿಗೆ ಸುಮಾರು ೨ ಮೆಗಾಬಿಟ್ ಬೇಕಾಗುತ್ತದೆ. ನಾಲ್ಕು ಕ್ಯಾಮರಾ ಇದ್ದರೆ ೮. ಫೈಬರಿನಲ್ಲಿ ಇದು ದೊಡ್ಡದಲ್ಲ. ಆದರೆ ಹಳೆಯ ಟೆಲಿಫೋನ್ ತಂತಿಯ ನೆಟ್ಟಿನಲ್ಲಿ ಕೆಳಕ್ಕೆ ಬರುವ ವೇಗ ಹೆಚ್ಚಿದ್ದು ಮೇಲಕ್ಕೆ ಹೋಗುವ ವೇಗ ತೀರ ಕಡಿಮೆ. ಆ್ಯಪ್‌ನಲ್ಲಿ ಚಿತ್ರದ ಸ್ಪಷ್ಟತೆಯನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಮುಖ ಗುರುತು ಸಿಗುವಷ್ಟಿದ್ದರೆ ಸಾಕು, ಸಿನಿಮಾ ತೆಗೆಯಬೇಕಾಗಿಲ್ಲ.

ಗೋಡೆ, ಕಪಾಟು, ನೀರು

ವೇಳೆಯ ಹಂಗಿಲ್ಲದೆ ದಿನವೆಲ್ಲ ಆಗಾಗ ತಪ್ಪುತ್ತಿದ್ದರೆ ದೂರವನ್ನೂ ಅಡ್ಡವನ್ನೂ ನೋಡಬೇಕು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು, ಉಕ್ಕಿನ ಕಪಾಟು, ಕಿಟಕಿಯ ಗ್ರಿಲ್, ತುಂಬಿದ ನೀರಿನ ಟಾಕಿ: ಇವು ಅಲೆಯನ್ನು ತಡೆಯುತ್ತವೆ ಅಥವಾ ನುಂಗುತ್ತವೆ. ಮನೆಯ ಅಂದ ಕೆಡಬಾರದೆಂದು ರೂಟರನ್ನು ಕಪಾಟಿನ ಹಿಂದೆ, ಟಿವಿಯ ಕೆಳಗೆ ಅಡಗಿಸಿಡುವುದು ಬಲು ಸಾಮಾನ್ಯ. ಅದನ್ನು ಎತ್ತರದಲ್ಲಿ, ತೆರೆದ ಜಾಗದಲ್ಲಿ, ಮನೆಯ ಮಧ್ಯಕ್ಕೆ ತಂದಿಟ್ಟರೆ ಒಂದು ಕಾಸೂ ಖರ್ಚಿಲ್ಲದೆ ಅರ್ಧ ತೊಂದರೆ ನಿವಾರಣೆಯಾದೀತು. ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಇದೇ ಅಲೆಯಲ್ಲಿ ಕೆಲಸ ಮಾಡುವುದರಿಂದ ಅದರ ಪಕ್ಕದಲ್ಲಿ ರೂಟರನ್ನಾಗಲಿ ಕ್ಯಾಮರಾವನ್ನಾಗಲಿ ಇಡಬಾರದು.

ಅನೇಕ ಆ್ಯಪ್‌ಗಳು ಅಲೆಯ ಬಲವನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತವೆ. ಮೈನಸ್ ೫೦ ಬಲು ಚೆನ್ನ, ಮೈನಸ್ ೬೫ ಸಾಕು, ಮೈನಸ್ ೭೫ ದಾಟಿದರೆ ಸಂಪರ್ಕ ನಿಲ್ಲುವುದು ಕಷ್ಟ. ಇಲ್ಲಿ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆಯೆಂಬುದನ್ನು ಮರೆಯಬಾರದು.

ಮಳೆಗಾಲದಲ್ಲಿ ಮಾತ್ರ ತಪ್ಪುವ ಹೊರಗಿನ ಕ್ಯಾಮರಾದಲ್ಲಿ ಬಹುಮಟ್ಟಿಗೆ ಜೋಡಣೆಗೆ ನೀರು ಇಳಿದಿರುತ್ತದೆ. ನಮ್ಮ ಈ ಭಾಗದಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಗಳೇ ಬೆವರುತ್ತವೆ. ತಂತಿ ಒಳಗೆ ಹೋಗುವ ಮುನ್ನ ಅದನ್ನು ಕೊಂಚ ಕೆಳಕ್ಕೆ ಬಾಗಿಸಿ ಬಿಟ್ಟರೆ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹರಿಯುವುದಿಲ್ಲ. ಜೋಡಣೆಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಬೇಕು. ಒದ್ದೆಯಾದ ಜೋಡಣೆಯನ್ನು ಮುಟ್ಟುವ ಮೊದಲು ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತಿಡತಕ್ಕದ್ದು. ಇದರಲ್ಲಿ ಉದಾಸೀನ ಸಲ್ಲದು.

ಕರೆಂಟು ಹೋಗಿ ಬಂದಾಗ

೨೦೨೦ರ ಅಕ್ಟೋಬರ್ ೧೨ರ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿಮುಂಬಯಿಗಳಲ್ಲಿ ಒಮ್ಮೆಲೇ ಕರೆಂಟು ಹೋಗಿ ಲೋಕಲ್ ಗಾಡಿಗಳು ನಿಂತದ್ದು ಅನೇಕರಿಗೆ ನೆನಪಿದ್ದೀತು. ನಮ್ಮ ಹತ್ತಿರದ ಕಳವಾ ಮತ್ತು ಪಡಘಾ ವಿದ್ಯುತ್ ಕೇಂದ್ರಗಳ ನಡುವಣ ದೊಡ್ಡ ಮಾರ್ಗಗಳು ತಪ್ಪಿದ್ದು ಅದರ ಮೂಲ. ಅಷ್ಟು ದೊಡ್ಡ ಅನಾಹುತ ಅಪರೂಪ. ಐದು ಹತ್ತು ನಿಮಿಷ ಕರೆಂಟು ಹೋಗುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಎರಡರಲ್ಲಿಯೂ ಪಾಠ ಒಂದೇ: ಕರೆಂಟು ಮರಳಿದ ಮಾತ್ರಕ್ಕೆ ಕ್ಯಾಮರಾ ಮರಳುವುದಿಲ್ಲ.

ಕಾರಣ ಸರಳ. ಕ್ಯಾಮರಾ ಅರ್ಧ ನಿಮಿಷದಲ್ಲೇ ಎದ್ದು ಸಿದ್ಧವಾಗುತ್ತದೆ. ರೂಟರಿಗೂ ಫೈಬರಿನ ಪೆಟ್ಟಿಗೆಗೂ ಎರಡು ಮೂರು ನಿಮಿಷ ಬೇಕು. ಕ್ಯಾಮರಾ ಹುಡುಕಿದಾಗ ವೈ-ಫೈ ಇನ್ನೂ ಬಂದಿರುವುದಿಲ್ಲ. ಒಳ್ಳೆಯ ಕ್ಯಾಮರಾ ಮತ್ತೆ ಮತ್ತೆ ಯತ್ನಿಸುತ್ತದೆ. ಕೆಲವು ನಾಲ್ಕು ಸಲ ನೋಡಿ ಸುಮ್ಮನಾಗುತ್ತವೆ. ಇಂಥದನ್ನು ಒಮ್ಮೆ ಆರಿಸಿ ಹತ್ತಿಸಿದರೆ ಸರಿಯಾಗುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಯಾರು ಮಾಡಬೇಕು? ಆದುದರಿಂದ ರೂಟರಿಗೆ ಒಂದು ಸಣ್ಣ ಬ್ಯಾಟರಿ ಪೆಟ್ಟಿಗೆ ಇಡುವುದು ಲೇಸು. ರೂಟರಿಗೆಂದೇ ಮಾಡಿದ ೧೨ ವೋಲ್ಟಿನ ಇಂಥ ಪೆಟ್ಟಿಗೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಖರ್ಚು ಮಾಡಲೇಬೇಕಾದರೆ ಹೊಸ ಕ್ಯಾಮರಾಕ್ಕಿಂತ ಮೊದಲು ಇದಕ್ಕೆ ಮಾಡಿರಿ. ಫೈಬರಿನ ಪೆಟ್ಟಿಗೆ ಬೇರೆಯಾಗಿದ್ದರೆ ಅದಕ್ಕೂ ಬ್ಯಾಟರಿ ಬೇಕೆಂಬುದನ್ನು ಮರೆಯಬಾರದು.

ಪ್ರತಿದಿನ ಒಂದೇ ಗಂಟೆಗೆ

ಚೀಟಿಯಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಗಂಟೆ ಕಂಡರೆ ಅದು ಯಾರೋ ಗೊತ್ತುಪಡಿಸಿದ ಏರ್ಪಾಡು. ಕೆಲವು ರೂಟರುಗಳನ್ನು ರಾತ್ರಿ ಇಂತಿಷ್ಟು ಗಂಟೆಗೆ ತಾವೇ ಆರಿ ಹತ್ತುವಂತೆ ಇಟ್ಟಿರುತ್ತಾರೆ. ಇನ್ನು ಕೆಲವೆಡೆ ವಿಳಾಸದ ತೊಡಕು ಇರುತ್ತದೆ. ರೂಟರು ಮನೆಯ ಪ್ರತಿಯೊಂದು ಉಪಕರಣಕ್ಕೂ ಒಂದು ಅಂಕಿಯ ವಿಳಾಸವನ್ನು ಬಾಡಿಗೆಗೆ ಕೊಟ್ಟಂತೆ ಇಂತಿಷ್ಟು ಗಂಟೆಗಳ ಮಟ್ಟಿಗೆ ಕೊಡುತ್ತದೆ. ಅವಧಿ ಹೊಸದಾಗುವಾಗ ಎಡವಿದರೆ, ಅಥವಾ ಎರಡು ಉಪಕರಣಗಳಿಗೆ ಒಂದೇ ವಿಳಾಸ ಬಿದ್ದರೆ, ಒಂದೇ ಖೋಲಿಯ ಚಾವಿ ಇಬ್ಬರಿಗೆ ಕೊಟ್ಟಂತಾಗುತ್ತದೆ. ರೂಟರಿನಲ್ಲಿ ಕ್ಯಾಮರಾದ ಹೆಸರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತಂಟೆ ತಪ್ಪುತ್ತದೆ.

ಒಮ್ಮೆ ಹೋದದ್ದು ಮರಳಿ ಬರಲೇ ಇಲ್ಲವೆಂದರೆ, ಮನೆಯಲ್ಲಿ ಯಾರಾದರೂ ವೈ-ಫೈಯ ಹೆಸರನ್ನೋ ಗುಪ್ತಪದವನ್ನೋ ಬದಲಿಸಿದರೇ ಎಂದು ಮೊದಲು ಕೇಳಿ. ನೆಟ್ ಕಂಪೆನಿ ಬದಲಿಸಿ ಹೊಸ ರೂಟರು ತಂದಾಗಲೂ ಹೀಗಾಗುತ್ತದೆ. ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಗುಪ್ತಪದವನ್ನೂ ಕೊಟ್ಟರೆ ಕ್ಯಾಮರಾ ಸಾಮಾನ್ಯವಾಗಿ ತಾನಾಗಿ ಸೇರಿಕೊಳ್ಳುತ್ತದೆ.

ಊರಿನ ಮನೆಯ ಕ್ಯಾಮರಾ

ಊರಿನ ಮನೆಯದು ಬೇರೆ ಲೆಕ್ಕ, ಅಲ್ಲಿ ನಾವಿಲ್ಲ. ಕರಾವಳಿಯ ಹಳೆಯ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಯನ್ನು ದಾಟುವಷ್ಟರಲ್ಲಿ ಅಲೆ ಸೊರಗಿರುತ್ತದೆ. ಒಳಕೋಣೆಯ ರೂಟರಿನಿಂದ ಅಂಗಳದ ಕ್ಯಾಮರಾಕ್ಕೆ ವೈ-ಫೈ ನಂಬುವುದಕ್ಕಿಂತ ಒಂದು ನೆಟ್ ತಂತಿ ಎಳೆಸುವುದು ಮೇಲು. ಮಳೆಗಾಲದ ಮುಂಚೆಯೂ ಅಕ್ಟೋಬರ್ ಸುಮಾರಿಗೂ ಗುಡುಗು ಸಿಡಿಲಿನ ಸಂಜೆಗಳಲ್ಲಿ ರೂಟರಿನ ಪ್ಲಗ್ಗನ್ನು ತೆಗೆದಿಡುವುದು ಅಲ್ಲಿಯವರ ವಾಡಿಕೆ. ಅದು ಸರಿಯಾದ ವಾಡಿಕೆ. ಆ ಹೊತ್ತು ಚಿತ್ರ ಕಾಣದಿದ್ದರೆ ಗಾಬರಿಯಾಗಬೇಕಾಗಿಲ್ಲ. ಸಿಮ್ ಹಾಕಿದ ಕ್ಯಾಮರಾ ಇದ್ದರೆ ಅದರ ರೀಚಾರ್ಜಿನ ಅವಧಿ ಮುಗಿದಿದೆಯೇ, ಆ ದಿನದ ಡೇಟಾ ತೀರಿದೆಯೇ ಎಂದು ಮೊದಲು ನೋಡಿ.

ವಯಸ್ಸಾದವರಿಗೆ ಫೋನಿನಲ್ಲಿ “ರೂಟರು ರಿಸ್ಟಾರ್ಟ್ ಮಾಡಿ” ಎಂದರೆ ತಿಳಿಯದು. ಮತ್ಸ್ಯಗಂಧ ಹತ್ತಿ ಊರಿಗೆ ಹೋದಾಗ ರೂಟರಿನ ಸ್ವಿಚ್ಚಿಗೆ ಕೆಂಪು ಕಾಗದ, ಕ್ಯಾಮರಾದ ಸ್ವಿಚ್ಚಿಗೆ ಹಸುರು ಕಾಗದ ಅಂಟಿಸಿ ಬನ್ನಿ. “ಅಮ್ಮಾ, ಕೆಂಪು ಸ್ವಿಚ್ಚು ಆರಿಸಿ, ಹತ್ತು ಎಣಿಸಿ ಹಾಕು, ಒಂದು ಲೋಟ ಚಹಾ ಕುಡಿದ ಮೇಲೆ ಹಸುರನ್ನೂ ಹಾಗೆಯೇ ಮಾಡು” ಎಂದರೆ ಅವರು ಚೆನ್ನಾಗಿಯೇ ಮಾಡುತ್ತಾರೆ.

ಸೊಸೈಟಿಯ ಕ್ಯಾಮರಾಗಳು

ಸೊಸೈಟಿಯ ಕಮಿಟಿಯಲ್ಲಿರುವ ಸದಸ್ಯರಿಗೆ ಒಂದು ಮಾತು. ತಂತಿಯಲ್ಲೇ ನೆಟ್ಟೂ ಕರೆಂಟೂ ಒಟ್ಟಿಗೆ ಹೋಗುವ ಕ್ಯಾಮರಾಗಳಲ್ಲಿ ಒಂದು ಎಳೆಯ ಉದ್ದ ೧೦೦ ಮೀಟರು ಮೀರಬಾರದು. ಗೇಟಿನ ಕ್ಯಾಮರಾ ಮಾತ್ರ ತಪ್ಪುತ್ತಿದ್ದರೆ ಮೊದಲು ಉದ್ದ ಅಳೆಯಿರಿ. ತಾಮ್ರದ ಲೇಪವಿರುವ ಅಲ್ಯುಮಿನಿಯಮ್ ತಂತಿ ಅಗ್ಗವಾಗಿ ಸಿಗುತ್ತದೆ. ಅದು ತಾಮ್ರದಷ್ಟು ಚೆನ್ನಾಗಿ ಕರೆಂಟು ಒಯ್ಯುವುದಿಲ್ಲ, ಜೋಡಣೆಯಲ್ಲಿ ಬೇಗ ಮುರಿಯುತ್ತದೆ. ದರಪತ್ರದಲ್ಲಿ ‘ಪೂರ್ಣ ತಾಮ್ರ’ ಎಂದು ಬರೆಸಿಕೊಳ್ಳುವುದು ಒಳ್ಳೆಯದು.

ಎರಡು ಎಚ್ಚರಿಕೆಗಳು

ಮೊದಲನೆಯದು: ಸಂಪರ್ಕ ತಪ್ಪಿದೆಯೆಂದರೆ ದಾಖಲೆಯೂ ನಿಂತಿದೆಯೆಂದು ಅರ್ಥವಲ್ಲ. ಕ್ಯಾಮರಾದೊಳಗೆ ಮೆಮರಿ ಕಾರ್ಡು ಇದ್ದರೆ, ಕರೆಂಟು ಇರುವ ತನಕ ಹೆಚ್ಚಿನವು ನೆಟ್ ಇಲ್ಲದೆಯೂ ಬರೆಯುತ್ತಲೇ ಇರುತ್ತವೆ. ಆದರೆ ಆ ಕಾರ್ಡು ಸವೆಯುವ ವಸ್ತು. ತಿಂಗಳಿಗೊಮ್ಮೆ ಹಿಂದಿನ ದಿನದ ಚಿತ್ರ ತೆಗೆದು ನೋಡುವ ಅಭ್ಯಾಸವಿರಲಿ.

ಎರಡನೆಯದು: ದುರಸ್ತಿಯ ಅವಸರದಲ್ಲಿ ಮನೆಯ ಬಾಗಿಲನ್ನು ಪರರಿಗೆ ತೆರೆಯಬಾರದು. ೨೦೧೬ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವೊಂದು ಜಗತ್ತಿನಾದ್ಯಂತ ಲಕ್ಷಾಂತರ ಉಪಕರಣಗಳೊಳಗೆ ಹೊಕ್ಕಿತು. ಕ್ಯಾಮರಾಗಳು, ಚಿತ್ರ ದಾಖಲಿಸುವ ಪೆಟ್ಟಿಗೆಗಳು ಅವುಗಳಲ್ಲಿ ಬಹಳ. ಅದಕ್ಕೆ ಬೇಕಾದದ್ದು ಕಾರಖಾನೆಯಿಂದಲೇ ಬಂದ, ಯಾರೂ ಬದಲಿಸದ ಗುಪ್ತಪದಗಳು ಮಾತ್ರ. ಆ ವರ್ಷದ ಅಕ್ಟೋಬರ್ ೨೧ರಂದು ಅವುಗಳ ಮೂಲಕ ನಡೆದ ದಾಳಿಯಿಂದ ಅಮೇರಿಕದಲ್ಲಿ ಅನೇಕ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ತೆರೆಯದಾದವು. ಆದುದರಿಂದ ಕ್ಯಾಮರಾದ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು. ದುರಸ್ತಿಗೆ ಬಂದವನಿಗೆ ಹೇಳಿದ್ದರೆ ಅವನು ಹೋದ ಮೇಲೆ ಮತ್ತೊಮ್ಮೆ ಬದಲಿಸತಕ್ಕದ್ದು. ಫೋನು ಮಾಡಿ “ಒಂದು ಆ್ಯಪ್ ಹಾಕಿಕೊಳ್ಳಿ, ಇಲ್ಲಿಂದಲೇ ಸರಿಮಾಡುತ್ತೇವೆ” ಎನ್ನುವ ಅಪರಿಚಿತರನ್ನು ನಂಬಬಾರದು. ಹೊಸ ಕ್ಯಾಮರಾ ಕೊಳ್ಳುವವರು ೨೦೨೫ರ ಏಪ್ರಿಲ್ ೯ರಿಂದ ಕೇಂದ್ರ ಸರಕಾರದ ಭದ್ರತಾ ಪರೀಕ್ಷೆಯ ನಿಯಮ ಜಾರಿಗೆ ಬಂದಿರುವುದನ್ನು ತಿಳಿದು, ಆ ಪರೀಕ್ಷೆ ಆಗಿದೆಯೇ ಎಂದು ಅಂಗಡಿಯವರನ್ನು ಕೇಳಿ ಕೊಳ್ಳಬೇಕು.

ಕೊನೆಯ ಮಾತು

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ದಿನ ಕಾದು ನೋಡಿರಿ. ಅಡಾಪ್ಟರು, ದಾರಿ, ಜಾಗ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮೊದಲು ಖರ್ಚಿಲ್ಲದ್ದು: ಜಾಗ ಮತ್ತು ದಾರಿ. ಆಮೇಲೆ ಕಡಿಮೆ ಖರ್ಚಿನದು: ತಂತಿ, ಅಡಾಪ್ಟರು. ಆಮೇಲೆ ಬ್ಯಾಟರಿ ಪೆಟ್ಟಿಗೆ. ಕ್ಯಾಮರಾ ಬದಲಿಸುವುದು ಎಲ್ಲಕ್ಕೂ ಕೊನೆಗೆ. ದುರಸ್ತಿಯವರನ್ನು ಕರೆಸಲೇಬೇಕಾದರೆ ಏಳು ದಿನದ ಚೀಟಿಯನ್ನು ಅವರ ಕೈಗೆ ಕೊಡಿ. ಕಾರಣ ತಿಳಿದವನಿಗೆ ಬೇಡದ ಸಾಮಾನು ಮಾರುವುದು ಸುಲಭವಲ್ಲ.

ಇಷ್ಟೆಲ್ಲ ಮಾಡಿದರೂ ಯಾವ ಕ್ಯಾಮರಾವೂ ನೂರಕ್ಕೆ ನೂರು ಗಂಟೆ ಜತೆಗಿರುವುದಿಲ್ಲ. ಅದು ತೋರಿಸಬಲ್ಲುದೇ ಹೊರತು ಬಾಗಿಲು ತೆರೆಯಲಾರದು, ಬಿದ್ದವರನ್ನು ಎತ್ತಲಾರದು. ಇಲ್ಲಿ ಪಕ್ಕದ ಖೋಲಿಯವರದೂ, ಊರಿನಲ್ಲಿ ಆಚೆಮನೆಯವರದೂ ಫೋನು ನಂಬರು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರಲಿ; ಹಬ್ಬಹುಣ್ಣಿಮೆಗೆ ಅವರೊಡನೆ ನಾಲ್ಕು ಮಾತಿನ ಬಳಕೆಯೂ ಇರಲಿ.

ಏಳು ದಿನದ ಚೀಟಿಯ ಮಾದರಿಯೊಂದನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ಪ್ರತಿ ಮಾಡಿಕೊಳ್ಳಬಹುದು. ಮೂಲವನ್ನು ಮಾತ್ರ ದಯವಿಟ್ಟು ಅಲ್ಲಿಯೇ ಬಿಡತಕ್ಕದ್ದು.